‘ನಿಮ್ಮನ್ನು ಸಂಶೋಧನೆಗೆ ಆರಿಸಿದ್ದೇವೆ’ ಅಂದರೆ ಹುಷಾರು

ಮನೆಯಲ್ಲಿ ಟೈಪ್ 1 ಡಯಾಬಿಟಿಸ್ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಮ್ಮನ ಜೀವ ಹೋಗುವುದರಲ್ಲಿತ್ತು. ಸಿಟ್ಟು ಇನ್ನೂ ಇಳಿದಿಲ್ಲ.

ಡಯಾಬಿಟಿಸ್ ಸಂಶೋಧನಾ ಕೇಂದ್ರ ಅಂತ ಬೋರ್ಡ್ ಹಾಕಿಕೊಂಡ ಒಂದು ಕ್ಲಿನಿಕ್. ಉಚಿತ ಶುಗರ್ ತಪಾಸಣೆಯಲ್ಲಿ ತಮ್ಮ ಬರೆದುಕೊಟ್ಟ ನಂಬರಿಗೆ ಅವರೇ ಫೋನ್ ಮಾಡಿದರು. "ನಿಮ್ಮನ್ನು ಆರಿಸಿದ್ದೇವೆ, ಈ ಅವಕಾಶ ಎಲ್ಲರಿಗೂ ಸಿಗಲ್ಲ" ಅಂದರು. ಹೋದರೆ ಮೊದಲು ದುಡ್ಡು. ರಸೀದಿಯಲ್ಲಿ ಔಷಧದ ಹೆಸರಿಲ್ಲ, ಟೆಸ್ಟಿನ ಹೆಸರಿಲ್ಲ, ‘ಸಹಭಾಗಿತ್ವ ಶುಲ್ಕ’ ಅಂತ ಒಂದೇ ಸಾಲು. ಕೈಗೆ ಕಂದು ಪುಡಿ ತುಂಬಿದ ಕ್ಯಾಪ್ಸೂಲ್ ಡಬ್ಬಿ. ಅದರ ಮೇಲೂ ಏನೂ ಬರೆದಿರಲಿಲ್ಲ.

ಆಮೇಲೆ ಹೇಳಿದ್ದು ಕೇಳಿ. ಇನ್ಸುಲಿನ್ ಅರ್ಧ ಮಾಡಿ, ಮುಂದಿನ ವಾರ ಪೂರ್ತಿ ನಿಲ್ಲಿಸಿ. ಹೊರಗಿನ ಇನ್ಸುಲಿನ್ ನಿಂತರೆ ಒಳಗಿನದು ತಾನಾಗಿ ಶುರುವಾಗುತ್ತಂತೆ! ಇದಕ್ಕೆ ಸಾಕ್ಷಿ ಅಂತ ಒಂದು ಇಂಗ್ಲಿಷ್ ಪ್ರಬಂಧದ ಪ್ರಿಂಟ್ ಕೊಟ್ಟರು, ಹಳದಿ ಬಣ್ಣದಲ್ಲಿ ಗೆರೆ ಎಳೆದು. "ದೊಡ್ಡ ದೊಡ್ಡ ಡಾಕ್ಟರುಗಳೇ ಒಪ್ಪಿದ್ದಾರೆ ನೋಡಿ ಸರ್."

ಇನ್ಸುಲಿನ್ ನಿಲ್ಲಿಸಿದ ಮೇಲೆ ತಮ್ಮನಿಗೆ ವಾಂತಿ ಶುರುವಾಯಿತು. ಬಾಯಾರಿಕೆ ತಡೆಯಲಾಗದು, ಉಸಿರು ಜೋರು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ. ಅವರಿಗೆ ಫೋನ್ ಮಾಡಿದರೆ, "ವಿಷ ಹೊರಗೆ ಹೋಗ್ತಿದೆ, ಹೆದರಬೇಡಿ" ಅಂದರು. ವಿಷವಂತೆ! ಅದು ಕೀಟೋಅಸಿಡೋಸಿಸ್, ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯವಾಗುವ ಸ್ಥಿತಿ. ಸೀದಾ ಐಸಿಯುಗೆ ಹಾಕಿ ಡ್ರಿಪ್‌ನಲ್ಲಿ ಇನ್ಸುಲಿನ್ ಕೊಟ್ಟರು.

ಐಸಿಯು ಹೊರಗೆ ಕೂತು ಆ ಪ್ರಿಂಟನ್ನು ಓದಿದೆ. ಅದು 2017ರಲ್ಲಿ ಬಂದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನ. ಅಧ್ಯಯನ ಸುಳ್ಳಲ್ಲ. ಚೆನ್ನಾಗಿ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದವರಲ್ಲಿ 46% ಜನರ ಶುಗರ್ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆ ಹತೋಟಿಗೆ ಬಂದಿತ್ತು. ಆದರೆ ಅವರೆಲ್ಲ ಟೈಪ್ 2, ಅಂದರೆ ದೇಹದಲ್ಲಿ ಇನ್ಸುಲಿನ್ ಇನ್ನೂ ತಯಾರಾಗುತ್ತಿದ್ದರೂ ಅದು ಸರಿಯಾಗಿ ಕೆಲಸ ಮಾಡದ ಬೇರೆ ಬಗೆಯ ಡಯಾಬಿಟಿಸ್! ಇನ್ಸುಲಿನ್ ತೆಗೆದುಕೊಳ್ಳುವವರನ್ನು ಅದಕ್ಕೆ ಸೇರಿಸಿಯೇ ಇರಲಿಲ್ಲ. ಅದೂ ಅದೇ ಹಾಳೆಯಲ್ಲಿದೆ, ಅವರು ಹಳದಿ ಗೆರೆ ಎಳೆಯದ ಸಾಲಿನಲ್ಲಿ. ಆ ಸಾಲು ಓದಿದಾಗ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲದೆ ಮಾಡಿದ್ದಲ್ಲ ಇದು. ಬೇಕಂತಲೇ ಮಾಡಿದ್ದು.

ಟೈಪ್ 1ರಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡಿರುತ್ತದೆ. ಒಳಗಿನದು ಎಲ್ಲಿಂದ ಶುರುವಾಗಬೇಕು? 1922ರಲ್ಲಿ ಟೊರೊಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಸಲ ಇನ್ಸುಲಿನ್ ಕೊಡುವ ತನಕ ಟೈಪ್ 1 ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಲೇ ಇರಲಿಲ್ಲ. ಇಂಥದ್ದನ್ನು ‘ನಿಲ್ಲಿಸಿ’ ಅಂತ ಆರಾಮಾಗಿ ಹೇಳ್ತಾರಲ್ವಾ!

ಕ್ಲಿನಿಕ್‌ಗೆ ಕೇಳಲು ಹೋದಾಗ ಅವರ ಉತ್ತರ: "ಪಥ್ಯ ಸರಿಯಾಗಿ ಮಾಡಿಲ್ಲ ಅನ್ಸುತ್ತೆ." ದುಡ್ಡು ವಾಪಸ್ ಕೊಡಿ ಅಂದೆ. "ಸಂಶೋಧನೆ ಅಂದಮೇಲೆ ಎಲ್ಲರಿಗೂ ಫಲ ಸಿಗಬೇಕು ಅಂತಿಲ್ಲ ಸರ್." ಮನುಷ್ಯರ ಮೇಲಿನ ಸಂಶೋಧನೆಯನ್ನು ಮೊದಲೇ ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ತೋರಿಸಿ ಅಂದೆ. "ಅದು ನಮ್ಮ ಒಳಗಿನ ವಿಷಯ." ಅದು ಒಳಗಿನ ವಿಷಯ ಹೇಗಾಗುತ್ತೆ? ಮಲಗಿದ್ದು ನನ್ನ ತಮ್ಮ.

ನಿಜವಾದ ಪ್ರಯೋಗದಲ್ಲಿ ಅಪಾಯಗಳನ್ನು ಬರೆದ ಒಪ್ಪಿಗೆ ಪತ್ರ ಕೊಡುತ್ತಾರೆ, ನೋಂದಣಿ ಸಂಖ್ಯೆ ಇರುತ್ತದೆ, ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಇವು ಮೂರೂ ಕೇಳಿ. ತಡವರಿಸಿದರೆ ಸುಮ್ನೆ ಎದ್ದು ಬನ್ನಿ. ನೋಡಿಕೊಳ್ಳುತ್ತಿರುವ ಡಾಕ್ಟರನ್ನು ಕೇಳದೆ ಇನ್ಸುಲಿನ್ ಒಂದು ಯೂನಿಟ್ ಕೂಡ ಕಮ್ಮಿ ಮಾಡಬೇಡಿ. ಮೂಲ ರಿಪೋರ್ಟ್‌ಗಳನ್ನಂತೂ ಇಂಥವರ ಕೈಗೆ ಕೊಡಲೇಬೇಡಿ, ಜೆರಾಕ್ಸ್ ಸಾಕು. ತಮ್ಮನ ಹಳೇ ಫೈಲ್ ಇನ್ನೂ ಅವರ ಹತ್ತಿರವೇ ಇದೆ. ಬರೆದು ಕೇಳಿದ್ದಕ್ಕೆ ಉತ್ತರ ಬಂದಿಲ್ಲ.