ಚಳ್ಳಕೆರೆಯ ಕಂಬಳಿ: ಚುಚ್ಚುತ್ತದೆ, ಆದರೂ ಕೊಳ್ಳಿ

ಡಿಸೆಂಬರ್ ನಡುವಿನಲ್ಲಿ ಮಿಥುನ ರಾಶಿಯ ಉಲ್ಕೆಗಳನ್ನು ಎಣಿಸುತ್ತ ಚಿತ್ರದುರ್ಗದ ನಮ್ಮ ಮನೆಯ ತಾರಸಿಯಲ್ಲಿ ಮಲಗುವುದು ನನ್ನ ಹಳೆಯ ಚಟ. ಭೌತಶಾಸ್ತ್ರದ ಪಾಠ ಬಿಟ್ಟು ಮನೆಯಲ್ಲಿ ಕುಳಿತರೂ ಅದೊಂದು ಬಿಟ್ಟಿಲ್ಲ. ಮಗ ತಂದುಕೊಟ್ಟ ಪಾಲಿಯೆಸ್ಟರ್ ರಗ್ಗು ರಾತ್ರಿ ಮೂರಕ್ಕೆಲ್ಲ ಇಬ್ಬನಿ ಕುಡಿದು ಒದ್ದೆ ಬಟ್ಟೆಯಾಗುತ್ತಿತ್ತು. ಈ ಸಲ ಚಳ್ಳಕೆರೆಗೆ ಹೋಗಿ 2,400 ರೂಪಾಯಿಗೆ ಕರಿ ಕಂಬಳಿ ತಂದೆ.

ಮೊದಲು ದೂರು. ಕಂಬಳಿ ಚುಚ್ಚುತ್ತದೆ, ಒಳಗೆ ಹಳೆಯ ಹತ್ತಿ ಸೀರೆ ಇಲ್ಲದಿದ್ದರೆ ಬೆಳಗಿಗೆ ಕುತ್ತಿಗೆ ಕೆಂಪು. ಹುಣಸೆಬೀಜದ ಗಂಜಿಯಿಂದಾಗಿ ಹೊಸದರಲ್ಲಿ ತಗಡಿನ ಹಾಗೆ ಸೆಟೆದು ನಿಲ್ಲುತ್ತದೆ. ಕುರಿಹಟ್ಟಿಯ ವಾಸನೆ ಎರಡು ವಾರ ಬಿಸಿಲಿಗೆ ಹಾಕಿದರೂ ಪೂರ್ತಿ ಹೋಗಲಿಲ್ಲ. ಎರಡು ಪಟ್ಟಿಗಳನ್ನು ಕೂಡಿಸಿದ ಹೊಲಿಗೆ ಒಂದು ತುದಿಯಲ್ಲಿ ಆಗಲೇ ಬಿಟ್ಟಿದೆ. ಇಷ್ಟಾದರೂ ಬೆಳಗಿನ ಐದಕ್ಕೆ ಮೇಲೆ ಕೈಯಾಡಿಸಿದರೆ ಇಬ್ಬನಿ ರಾಗಿಕಾಳಿನಂತೆ ಉರುಳಿ ಬಿತ್ತು. ಒಳಗೆ ಒಂದು ಹನಿಯೂ ಇಳಿದಿರಲಿಲ್ಲ.

ಬೆಲೆ ಹೆಚ್ಚಾಯಿತು ಎಂದು ನೇಕಾರರೊಡನೆ ಜಗ್ಗಾಡಿದ್ದೆ. "ಕುರಿ ಎಲ್ಲಿ ಮೇಯಬೇಕು ತಾಯಿ? ಕಾವಲಿಗೆ ಗೋಡೆ ಬಂತು" ಎಂದರು. ಕುರಿದನ ಮೇಯುತ್ತಿದ್ದ ಹುಲ್ಲುಗಾವಲು, ಅಮೃತಮಹಲ್ ಕಾವಲಿನ ಮಾತು. ಅದರಲ್ಲಿ ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ 4,290 ಎಕರೆ ಕೊಟ್ಟರು, ಭಾರತೀಯ ವಿಜ್ಞಾನ ಸಂಸ್ಥೆಗೆ 1,500. ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳದ್ದು ಬೇರೆ. ಕೃಷ್ಣಮೃಗ ಓಡಾಡುವ ಹುಲ್ಲುಗಾವಲೆಂದು ಹಸಿರು ನ್ಯಾಯಮಂಡಳಿಯವರೆಗೂ ಜಗಳ ಹೋಗಿತ್ತು. ನಾನು ಆಗ ಯಾರ ಪಕ್ಷವೆಂದು ಹೇಳಿಬಿಡುತ್ತೇನೆ: 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ಉಡಾವಣಾ ವಾಹನ ಅಲ್ಲಿನ ರನ್‌ವೇ ಮೇಲೆ ತಾನಾಗಿ ಇಳಿದಾಗ ಬೀದಿಗೆಲ್ಲ ಪೇಡ ಹಂಚಿದವಳು ನಾನು.

ಮೇಡಂ ಬುದ್ಧಿ ಎಲ್ಲಿ ಹೋಗುತ್ತದೆ, ನೇಕಾರರಿಗೂ ಪಾಠ ಶುರು ಮಾಡಿದೆ. ವಿಜ್ಞಾನದವರು ಬಂದಲ್ಲೆಲ್ಲ ಹುಲ್ಲುಗಾವಲು ಹಾಳಾಗುವುದಿಲ್ಲ ಯಜಮಾನರೇ, ಆಕಾಶದಿಂದ ಬರುವ ರೇಡಿಯೊ ಅಲೆ ಹಿಡಿಯುವ ರೇಡಿಯೊ ದೂರದರ್ಶಕವನ್ನೇ ನೋಡಿ, ಅದಕ್ಕೆ ಬೇಕಾದದ್ದು ಮೊಬೈಲ್ ಗೋಪುರದ, ಮೋಟಾರಿನ ಕಿಡಿಯ ಗದ್ದಲವಿಲ್ಲದ ಬಯಲು. ಅದು ಇದ್ದರೆ ಕಾಡುಪ್ರಾಣಿಗೂ ಒಳ್ಳೆಯದು ಎಂದೆ. ದಕ್ಷಿಣ ಆಫ್ರಿಕಾದ ಕರೂ ಸೀಮೆಯ ಉದಾಹರಣೆ ಕೊಟ್ಟೆ. ಅಲ್ಲಿ ಮೀರ್‌ಕ್ಯಾಟ್ ದೂರದರ್ಶಕದ 64 ತಟ್ಟೆಗಳಿವೆ; ಎಸ್‌ಕೆಎ ಎಂಬ ಇನ್ನೂ ದೊಡ್ಡ ರೇಡಿಯೊ ದೂರದರ್ಶಕದ ಯೋಜನೆಗೆಂದು ಸರ್ಕಾರ ಕುರಿ ಸಾಕುವವರ ಜಮೀನುಗಳನ್ನು ಕೊಂಡಿತು. ರೈತರು ದೊಡ್ಡ ತಕರಾರೇ ಎತ್ತಿದರು. 2020ರಲ್ಲಿ ಆ ನೆಲ ರಾಷ್ಟ್ರೀಯ ಉದ್ಯಾನವೂ ಆಯಿತು.

ಅವರು ಕಂಬಳಿ ಮಡಚುತ್ತಲೇ ಕೇಳಿದರು: "ಉದ್ಯಾನವಾದ ಮೇಲೆ ಕುರಿ?"

"ಇಲ್ಲ."

"ಅಂದರೆ ನಿಮ್ಮವರಿಗೂ ಜಿಂಕೆಯವರಿಗೂ ರಾಜಿಯಾಯಿತು. ಅಲ್ಲಿನ ಕಂಬಳಿಯವರು ಏನು ಮಾಡುತ್ತಾರೆ?"

ಮೂವತ್ತು ವರ್ಷ ಪಾಠ ಮಾಡಿದ ನನಗೆ ಉತ್ತರ ಹೊಳೆಯಲಿಲ್ಲ. ಚೌಕಾಸಿಯನ್ನು ಅಲ್ಲಿಗೇ ಬಿಟ್ಟು ಕೇಳಿದಷ್ಟು ಎಣಿಸಿಕೊಟ್ಟೆ.

ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಹೊಲಿಗೆಗೆ. ಫೋನ್ ಮಾಡಿದರೆ, ಸಂತೆಯ ದಿನ ತನ್ನಿ, ಕೂತಲ್ಲೇ ಹೊಲಿದುಕೊಡುತ್ತೇನೆ, ದುಡ್ಡು ಬೇಡ ಎಂದಿದ್ದಾರೆ. ಕೊಳ್ಳುವವರು ಮಡಿಕೆಯ ನಡುವೆ ಒಣ ಬೇವಿನೆಲೆ ಇಡಿ, ಹುಳ ಬೀಳುವುದಿಲ್ಲ. ವಾಷಿಂಗ್ ಮೆಷಿನ್‌ಗೆ ಮಾತ್ರ ಹಾಕಬೇಡಿ.