ವೆರೋನಾ, ತೋರೆ ದೆಲ್ ಲಾಗೋ, ಪೇಸರೋ: ಗಾಯಕರನ್ನು ಕೇಳಲು ಎಲ್ಲಿಗೆ ಹೋಗಬೇಕು?

ಬೇಸಿಗೆಯಲ್ಲಿ ಇಟಲಿಗೆ ಹೋಗುತ್ತಿದ್ದೇವೆ, ಒಂದೇ ಒಂದು ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಉತ್ಸವಕ್ಕೆ ಪುರುಸೊತ್ತಿದೆ, ಯಾವುದಕ್ಕೆ ಹೋಗೋಣ ಎಂದು ಕೇಳುವವರಿಗೆ ನಾನು ಹೇಳುವುದು ಪೇಸರೋ. ಮೂರೂ ಕಡೆ ಕೂತು ಕೇಳಿದ ಮೇಲೆ ಈ ಮಾತು.

ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ವೆರೋನಾ. ಬರಬೇಕಾದ್ದೇ. ಸುಮಾರು 2000 ವರ್ಷ ಹಳೆಯ ರೋಮನ್ ಬಯಲುರಂಗ, 1913ರಲ್ಲಿ ಒಪೆರಾ ಸಂಗೀತಕಾರ ವೆರ್ಡಿ ಹುಟ್ಟಿ ನೂರು ವರ್ಷವಾದಾಗ ಅವರ ‘ಐಡಾ’ದಿಂದ ಅಲ್ಲಿ ಉತ್ಸವ ಶುರುವಾಯಿತು, ಹೆಸರಾಂತ ಗಾಯಕಿ ಮರಿಯಾ ಕಲ್ಲಾಸ್ ಇಟಲಿಯಲ್ಲಿ ಮೊದಲು ಹಾಡಿದ್ದೂ ಅಲ್ಲೇ, 1947ರಲ್ಲಿ. ಕತ್ತಲಾಗುತ್ತಿದ್ದಂತೆ ಮೆಟ್ಟಿಲ ಮೇಲಿನ ಜನ ಪುಟ್ಟ ಮೇಣದಬತ್ತಿ ಹಚ್ಚುತ್ತಾರೆ. ಆಮೇಲೆ ವೇದಿಕೆ ತುಂಬ ಸೈನಿಕರ ಮೆರವಣಿಗೆ. ಕಣ್ಣಿಗಂತೂ ಹಬ್ಬ. ಆದರೆ ಕಡಿಮೆ ದರದ ಟಿಕೆಟ್‌ನಲ್ಲಿ ತುಂಬಾ ಮೇಲೆ ಕೂತರೆ ಹಾಡುವವರ ಮುಖವೇ ಕಾಣುವುದಿಲ್ಲ. ಮೂರನೇ ಅಂಕದಲ್ಲಿ ಕಥಾನಾಯಕಿ ಐಡಾ ತನ್ನ ನಾಡನ್ನು ನೆನೆದು ಮೆಲ್ಲಗೆ ತಾರಸ್ವರಕ್ಕೆ ಏರುವ ಜಾಗವಿದೆಯಲ್ಲ, ಅದು ಅರ್ಧವೂ ಕಿವಿಗೆ ಬೀಳಲಿಲ್ಲ. ಗಾಯಕಿಯ ತಪ್ಪಲ್ಲ, ಜಾಗವೇ ಅಷ್ಟು ದೊಡ್ಡದು. ಮಳೆ ಹನಿದರೆ ವಾದ್ಯದವರು ಎದ್ದೇಬಿಡುತ್ತಾರೆ. ಕೂರಲು ದಿಂಬು ಬೇಕೇ ಬೇಕು.

ತೋರೆ ದೆಲ್ ಲಾಗೋ ಒಪೆರಾ ಸಂಗೀತಕಾರ ಪುಚ್ಚೀನಿ ಬಾಳಿದ ಊರು. ಕೆರೆ ದಂಡೆಯಲ್ಲಿ ಬಯಲು ರಂಗಮಂದಿರ, ಹತ್ತಿರದಲ್ಲೇ ಅವರ ಮನೆ ಮತ್ತು ಸಮಾಧಿ. ಅವರ ‘ಲಾ ಬೊಹೆಮ್’ ಕೇಳಲು ಚೆಂದದ ಜಾಗ, ಸೊಳ್ಳೆ ಜಾಸ್ತಿ.

ಪೇಸರೋದಲ್ಲಿ ಕಿವಿಗೆ ಸಿಗುವುದೇ ಬೇರೆ. ಸಂಗೀತಕಾರ ರೊಸೀನಿ 1792ರಲ್ಲಿ ಹುಟ್ಟಿದ ಈ ಸಮುದ್ರದಂಡೆಯ ಊರಿನಲ್ಲಿ 1980ರಿಂದ ಅವರ ಒಪೆರಾಗಳ ಆಗಸ್ಟ್ ತಿಂಗಳ ಉತ್ಸವ ನಡೆಯುತ್ತಿದೆ. ಊರಿನ ಹಳೆಯ ರಂಗಮಂದಿರ ಚಿಕ್ಕದು, ಗಾಯಕರು ಉಸಿರು ಎಳೆದುಕೊಳ್ಳುವುದೂ ಗೊತ್ತಾಗುತ್ತದೆ. ರೊಸೀನಿಯನ್ನು ಹಾಡಲು ಬರೀ ದೊಡ್ಡ ಗಂಟಲು ಸಾಲದು, ನಮ್ಮ ಗವಾಯಿಗಳ ತಾನದ ಹಾಗೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ವೇಗವಾಗಿ ಉರುಳಬೇಕು, ಆ ವೇಗದಲ್ಲೂ ಮಾತು ಅಳಿಸಿಹೋಗಬಾರದು. 1996ರಲ್ಲಿ ಹಾಡಬೇಕಿದ್ದ ಟೆನರ್ (ಎತ್ತರದ ದನಿಯ ಗಂಡು ಗಾಯಕ) ಕೈಬಿಟ್ಟಾಗ 23 ವರ್ಷದ ಹುವಾನ್ ದಿಯೇಗೋ ಫ್ಲೋರೆಸ್ ‘ಮತಿಲ್ದೆ ದಿ ಶಾಬ್ರಾನ್’ನಲ್ಲಿ ನಿಂತು ಹಾಡಿ ಹೆಸರಾದದ್ದು ಇಲ್ಲೇ ಅಲ್ವಾ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಉತ್ಸವದ ತರಬೇತಿ ಅಕಾಡೆಮಿಯ ಎಳೆಯ ಗಾಯಕರು ಹಾಡುವ ‘ಇಲ್ ವಿಯಾಜ್ಜೊ ಆ ರೆಂಸ್’. ರೊಸೀನಿಯ 1825ರ ಈ ಕೃತಿಯ ಹಾಳೆಗಳು ಚದುರಿಹೋಗಿದ್ದವು, ಹುಡುಕಿ ಜೋಡಿಸಿ 1984ರಲ್ಲಿ ಪೇಸರೋದಲ್ಲೇ ಮತ್ತೆ ಆಡಿಸಿದರು. 14 ದನಿಗಳು ಒಟ್ಟಿಗೆ ಸೇರುವ ಭಾಗದಲ್ಲಿ ಹೆಸರೇ ಕೇಳಿರದ ಹುಡುಗಿಯೊಬ್ಬಳ ದನಿ ಎಲ್ಲರ ಮೇಲೆ ತೇಲಿ ಬಂತು, ಮೈ ಜುಮ್ಮೆಂದಿತು. ಇದರ ಟಿಕೆಟ್ ದರವೂ ದೊಡ್ಡ ಪ್ರದರ್ಶನಗಳಿಗಿಂತ ಕಡಿಮೆ.

ಒಪೆರಾ ರೂಢಿಯಿಲ್ಲದ ಮನೆಮಂದಿ ಜೊತೆಗಿದ್ದರೆ ವೆರೋನಾಗೇ ಹೋಗಿ, ಸ್ವಲ್ಪ ದುಡ್ಡು ಹೆಚ್ಚಾದರೂ ಕೆಳಗಿನ ಸೀಟು ತಗೊಳ್ಳಿ.