ಮೊರೀ ಬಿಸಿನೀರಿನ ಕೊಳ: ಹಿರಿಯರ ಪ್ಯಾಕೇಜ್ ಪ್ರವಾಸದ ವಿಮರ್ಶೆ

ಕೊಡಗಿನ ಪ್ರವಾಸ ಸಂಸ್ಥೆಯೊಂದು ಹಿರಿಯರಿಗಾಗಿ ಏರ್ಪಡಿಸುವ ಆಸ್ಟ್ರೇಲಿಯಾ ಪ್ರವಾಸದಲ್ಲಿ, ಸಿಡ್ನಿಯಿಂದ ಆರುನೂರು ಕಿಲೋಮೀಟರಿಗೂ ದೂರವಿರುವ ಮೊರೀ ಪಟ್ಟಣವೂ ಸೇರಿದೆ. ಅಲ್ಲಿನ ಬಿಸಿನೀರು ಮಂಡಿನೋವಿಗೆ ಒಳ್ಳೆಯದೆಂದು ಕೇಳಿಯೇ ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯ ಕಾಫಿ ಬೆಳೆಗಾರರು ಹೆಚ್ಚಿನ ಸಂಖ್ಯೆಯಲ್ಲಿ ಹೆಸರು ಕೊಟ್ಟಿದ್ದರು. ಬಸ್ಸು, ವಸತಿ, ಊಟದ ವಿಷಯದಲ್ಲಿ ದೂರುವಂಥದ್ದೇನೂ ಇಲ್ಲ.

ನೀರಾವರಿಗೆಂದು 1895ರಲ್ಲಿ ಕೊರೆದ ಬಾವಿಯಿಂದ ಸುಮಾರು 41 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ನೀರು ಬಂದದ್ದರಿಂದ ಈ ಕೊಳಗಳು ಹುಟ್ಟಿಕೊಂಡವು. ಕತ್ತಿನವರೆಗೆ ಇಳಿದು ಕುಳಿತರೆ ಮೊದಲು ಹಣೆ ಬೆವರುತ್ತದೆ, ಆಮೇಲೆ ಮಂಡಿ ಸಡಿಲವಾಗುತ್ತದೆ. ಆದರೆ ನಮ್ಮ ಮಾರ್ಗದರ್ಶಿ ನೀರಿನ ಖನಿಜಾಂಶಗಳ ಬಗ್ಗೆಯೇ ಮಾತನಾಡಿ, ಈ ಜಾಗ 2013ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿದ್ದೇಕೆಂಬುದನ್ನು ಹಿಂದಿರುಗುವಾಗ ಬಸ್ಸಿನ ಮೈಕಿನಲ್ಲಿ, ಅರ್ಧ ಜನ ನಿದ್ದೆಯಲ್ಲಿದ್ದಾಗ, ಹೇಳಿ ಮುಗಿಸಿದರು. ಈ ಸೇವೆಯ ದೊಡ್ಡ ಕೊರತೆ ಇದೇ.

ಏಕೆಂದರೆ ಮೂಲನಿವಾಸಿಗಳನ್ನು ಈ ಕೊಳದಿಂದ ದೂರವಿಡಲು ಊರಿನ ಪುರಸಭೆ 1955ರಲ್ಲಿ ನಿರ್ಣಯವನ್ನೇ ಮಾಡಿತ್ತು. 1965ರ ಫೆಬ್ರುವರಿಯಲ್ಲಿ, ಸ್ವತಃ ಮೂಲನಿವಾಸಿಯಾಗಿದ್ದ ಚಾರ್ಲ್ಸ್ ಪರ್ಕಿನ್ಸ್ ಅವರ ಮುಂದಾಳತ್ವದಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಮಾರು ಮೂವತ್ತು ವಿದ್ಯಾರ್ಥಿಗಳು, ‘ಫ್ರೀಡಂ ರೈಡ್’ ಎಂದು ಪ್ರಸಿದ್ಧವಾದ ಬಸ್ ಯಾತ್ರೆ ಹೊರಟು, ವಾಲ್ಗೆಟ್‌ನಲ್ಲಿ ಮಾಜಿ ಸೈನಿಕರ ಕ್ಲಬ್ಬಿನ ಎದುರು ಪ್ರತಿಭಟಿಸಿ, ಆ ಊರು ಬಿಟ್ಟ ಮೇಲೆ ತಮ್ಮ ಬಸ್ಸನ್ನು ರಸ್ತೆಯಿಂದ ಹೊರಗೆ ತಳ್ಳಿದ್ದನ್ನೂ ಸಹಿಸಿ ಮೊರೀಗೆ ಬಂದರು. ಊರಾಚೆಯ ವಸತಿಯಿಂದ ಮೂಲನಿವಾಸಿ ಮಕ್ಕಳನ್ನು ಕರೆತಂದು ಟಿಕೆಟ್ ಕೇಳಿದರು. ಒಮ್ಮೆ ಬಾಗಿಲು ತೆರೆದಂತಾಯಿತು. ಅವರು ಊರು ಬಿಟ್ಟೊಡನೆ ಮತ್ತೆ ಮುಚ್ಚಿತು. ಸುದ್ದಿ ತಿಳಿದು ಅವರು ಹಿಂದಿರುಗಿ ಬಂದಾಗ ನೆರೆದ ಗುಂಪು ಮೊಟ್ಟೆ, ಟೊಮೆಟೊ ಎಸೆಯಿತು. ಪರ್ಕಿನ್ಸ್ ಅವರು ಮಕ್ಕಳೊಂದಿಗೆ ಇದೇ ನೀರಿನಲ್ಲಿರುವ ಚಿತ್ರ ಇಂದಿಗೂ ಪ್ರಸಿದ್ಧ. ಮೂಲನಿವಾಸಿಗಳನ್ನು ಜನಗಣತಿಯ ಲೆಕ್ಕಕ್ಕೆ ಸೇರಿಸುವ ಸಂವಿಧಾನ ತಿದ್ದುಪಡಿಗೆ 1967ರ ಜನಮತದಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಒಪ್ಪಿಗೆ ಕೊಟ್ಟರು.

ಇದನ್ನು ನೀರಿಗಿಳಿಯುವ ಮೊದಲೇ, ಬಾಗಿಲಲ್ಲಿ ನಿಲ್ಲಿಸಿ ಹೇಳಬೇಕಿತ್ತು. ತಿತಿಮತಿಯ ಒಬ್ಬ ಹಿರಿಯರು ರಾತ್ರಿ ಊಟದ ವೇಳೆ, “ನಮ್ಮ ತೋಟದ ಲೈನ್‌ಮನೆಯ ಯರವರಿಗೆ ಮೊದಲು ಬೇರೆ ಲೋಟದಲ್ಲೇ ಕಾಫಿ ಕೊಡುತ್ತಿದ್ದೆವು” ಎಂದಾಗ ಯಾರೂ ಅಲ್ಲಗಳೆಯಲಿಲ್ಲ. ಮಾತು 2016ರಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಯರವರೇ ಮೊದಲಾದ ಆದಿವಾಸಿಗಳ ಗುಡಿಸಲುಗಳನ್ನು ತೆರವು ಮಾಡಿದ ಸಂಗತಿಗೆ ಹೊರಳಿ, ತುಸು ಜೋರಾಗಿಯೇ ಮುಂದುವರಿಯಿತು. ಕೊಟ್ಟ ಹಣಕ್ಕೆ ನನಗೆ ದಕ್ಕಿದ್ದು ಆ ಚರ್ಚೆ. ಅದು ಸಂಸ್ಥೆಯ ವೇಳಾಪಟ್ಟಿಯಲ್ಲಿ ಇರಲಿಲ್ಲವೆಂಬುದು ಬೇರೆ ಮಾತು.

ಹೋಗುವವರು ಜೂನ್‌ನಿಂದ ಆಗಸ್ಟ್‌ವರೆಗಿನ ತಂಡವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆಗ ಅಲ್ಲಿ ಚಳಿಗಾಲವಾದ್ದರಿಂದ ಬಿಸಿನೀರು ಹಿತವೆನಿಸುತ್ತದೆ, ಇಲ್ಲಿಯೂ ಮಳೆ ಹಿಡಿದಿರುವುದರಿಂದ ತೋಟದ ಕೆಲಸ ಕಡಿಮೆ. ಮುಂಗಡ ಕಟ್ಟುವ ಮೊದಲು, ಕೊಳದ ಇತಿಹಾಸ ಬಲ್ಲ ಸ್ಥಳೀಯ ಮೂಲನಿವಾಸಿ ಮಾರ್ಗದರ್ಶಕರೊಬ್ಬರನ್ನು ಗೊತ್ತುಮಾಡುತ್ತೀರಾ ಎಂದು ಸಂಸ್ಥೆಯವರನ್ನು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ.